ಅಪ್‌ಡೇಟ್: ಕರೆದರೂ ತಿರುಗಿ ನೋಡದ ಮಗ

ಎರಡು ವರ್ಷದ ಮಗ ಹೆಸರು ಕರೆದರೂ ತಿರುಗುವುದಿಲ್ಲ, ಬೇಕಾದದ್ದಕ್ಕೆ ಬೆರಳು ತೋರಿಸುವುದಿಲ್ಲ, ಇನ್ನೂ ಕಾಯಬೇಕೇ ಎಂದು ಕೇಳಿದ್ದೆ. ಕಾಯಬೇಡಿ ಎಂದವರಿಗೆ ಕೃತಜ್ಞತೆಗಳು.

ಕೋಲಾರದ ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ಕಿವಿ ಪರೀಕ್ಷೆ ಮಾಡಿಸಿದರು, ಚೆನ್ನಾಗಿಯೇ ಕೇಳಿಸುತ್ತದೆ. ಆಮೇಲೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆಟಿಸಂ (ಮಾತು, ಇತರರೊಡನೆ ಬೆರೆಯುವುದು ಬೇರೆ ರೀತಿ ಬೆಳೆಯುವ ಸ್ಥಿತಿ) ಎಂದು ಖಚಿತವಾಯಿತು. ಇದನ್ನು ಪತ್ತೆಹಚ್ಚುವ ರಕ್ತ ಪರೀಕ್ಷೆ ಇಲ್ಲ. ಮಗು ಆಡುವುದನ್ನು ಗಮನಿಸಿ, ನಮ್ಮನ್ನು ಬಿಡದೆ ವಿಚಾರಿಸಿ ಹೇಳುತ್ತಾರೆ. ‘ಗಂಡುಮಕ್ಕಳಿಗೆ ಮಾತು ತಡ’ ಎನ್ನುತ್ತಿದ್ದ ಅತ್ತೆಯವರಿಗೂ ವೈದ್ಯರೇ ವಿವರಿಸಿದ್ದು ಒಳ್ಳೆಯದಾಯಿತು, ನನ್ನ ಮಾತು ಎಲ್ಲಿ ನಡೆಯುತ್ತಿತ್ತು!

ಈಗ ಥೆರಪಿ ನಡೆಯುತ್ತಿದೆ. ಹೆಚ್ಚಿನ ಕೆಲಸ ಮನೆಯಲ್ಲೇ: ಬಿಸ್ಕತ್ತಿನ ಡಬ್ಬಿಯನ್ನು ಕಾಣುವಂತೆ ಮೇಲಿಟ್ಟು, ಅವನಾಗಿ ಕೇಳುವವರೆಗೆ ಕಾಯುತ್ತೇವೆ. ಮೊನ್ನೆ ಬೆರಳು ತೋರಿಸಿದ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿರುವುದರಿಂದ ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕುತ್ತಿದ್ದೇವೆ. ಮುಂದೆ ಅಂಗನವಾಡಿಯ ಮಾತು.