ಮಾರುತಿ 800 ಪೆಟ್ರೋಲ್ ಟ್ಯಾಂಕ್ ಲೀಕ್: ಫ್ರೆಂಡ್ಸ್ ಸೇರ್ಕೊಂಡು ಮನೇಲೇ ಇಳಿಸಬಹುದಾ?

ಎಂಟ್ನೂರು ಕೋಲಾರ:
ಎಲ್ರಿಗೂ ನಮಸ್ಕಾರ. ನಮ್ ಅಪ್ಪಂದು 2006ರ ಮಾರುತಿ 800, ಎಂಪಿಎಫ್‌ಐ ಗಾಡಿ, ಅಂದ್ರೆ ಪೆಟ್ರೋಲನ್ನ ಪ್ರೆಶರಲ್ಲಿ ಇಂಜಿನ್ನಿಗೆ ಚಿಮ್ಮಿಸೋ ಥರದ್ದು. ಈಗೀಗ ಹಿಂದಿನ ಸೀಟಲ್ಲಿ ಕೂತ್ರೆ ಪೆಟ್ರೋಲ್ ವಾಸನೆಗೆ ತಲೆನೋವೇ ಬರುತ್ತೆ, ಬೆಳಿಗ್ಗೆ ಎದ್ದು ನೋಡಿದ್ರೆ ಗಾಡಿ ಹಿಂದುಗಡೆ ನೆಲ ಒದ್ದೆ ಇರುತ್ತೆ. ಟ್ಯಾಂಕ್ ಇಳಿಸಿ ನೋಡ್ಬೇಕು ಅಂದ್ರು ಮೆಕ್ಯಾನಿಕ್. ನಾವು ಮೂರು ಜನ ಫ್ರೆಂಡ್ಸು ಭಾನುವಾರ ಸೇರ್ಕೊಂಡು ನಾವೇ ಇಳಿಸೋಣ ಅಂತಿದೀವಿ. ಹೊರಗಡೆ ಬಿಸಿಲು ಸಿಕ್ಕಾಪಟ್ಟೆ ಇರೋದ್ರಿಂದ ಖಾಲಿ ಬಿದ್ದಿರೋ ರೇಷ್ಮೆ ಹುಳು ಮನೆ ಒಳಗೆ ಗಾಡಿ ಹಾಕಿ, ಜಾಕಿ ಕೊಟ್ಟು ಎತ್ತಿ, ಟೊಮ್ಯಾಟೊ ಕ್ರೇಟ್ ಜೋಡಿಸಿ ಕೆಳಗೆ ನುಗ್ಗೋದು ಅಂತ ಪ್ಲಾನು. ಟ್ಯಾಂಕಲ್ಲಿ ಅರ್ಧ ಪೆಟ್ರೋಲ್ ಇದೆ. ಏನೇನ್ ನೋಡ್ಕೋಬೇಕು ಹೇಳಿ ಅಣ್ಣ.

ಸ್ಪ್ಯಾನರ್ ತುಮಕೂರು:
ಮೊದ್ಲು ಎರಡು ವಿಷ್ಯ ಬಿಡಿ ಗುರುಗಳೇ, ಒಂದು ಆ ಹುಳು ಮನೆ, ಇನ್ನೊಂದು ಕ್ರೇಟು. ಪೆಟ್ರೋಲ್ ಆವಿ ಗಾಳಿಗಿಂತ ಮೂರ್ನಾಲ್ಕು ಪಟ್ಟು ಭಾರ, ಮೇಲೆ ಹೋಗಲ್ಲ, ನೀರ್ ಥರ ತಗ್ಗು ಹುಡ್ಕೊಂಡು ಹರಿಯುತ್ತೆ, ಮುಚ್ಚಿದ ಮನೇಲಿ ನೆಲದ ಮೇಲೆ ಹಾಗೇ ಕೂತ್ಕೊಂಡಿರುತ್ತೆ. ಗಾಳೀಲಿ ನೂರಕ್ಕೆ ಒಂದೂವರೆ ಭಾಗ ಆವಿ ಸೇರಿದ್ರೂ ಸಾಕು, ಕಿಡಿ ಸಿಕ್ಕಿದ್ರೆ ಹತ್ಕೊಳ್ಳುತ್ತೆ. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಹತ್ಕೊಳ್ಳೋವಷ್ಟು ಆವಿ ಬಿಡೋ ಸಾಮಾನು, ನಮ್ಮೂರ್ ಬಿಸಿಲಲ್ಲಿ ಕೇಳ್ಬೇಕಾ. ಹಾಗಾಗಿ ಬಯಲಲ್ಲಿ, ಗಟ್ಟಿ ಸಮ ನೆಲದಲ್ಲಿ, ಬೆಳಿಗ್ಗೆ ತಂಪಿದ್ದಾಗಲೇ ಮಾಡಿ. ಅಕ್ಕಪಕ್ಕ ಹುಲ್ಲಿನ ಮೆದೆ, ನೀರೊಲೆ, ಬೋರ್ ಸ್ಟಾರ್ಟರ್ ಡಬ್ಬ ಇರಬಾರ್ದು. ಕ್ರೇಟು ಟೊಮ್ಯಾಟೊ ತೂಕಕ್ಕೆ ಮಾಡಿರೋದು, ಕಾರಿಗಲ್ಲ, ಹಾಲೋ ಬ್ಲಾಕೂ ಬೇಡ, ಅದು ಹೇಳ್ದೆ ಕೇಳ್ದೆ ಪುಡಿ ಆಗುತ್ತೆ. ಪರಿಚಯದ ಗ್ಯಾರೇಜಿಂದ ಒಂದು ಜೊತೆ ಜಾಕ್ ಸ್ಟ್ಯಾಂಡ್ (ಎತ್ತಿದ ಗಾಡಿನ ಹೊರೋ ಕಬ್ಬಿಣದ ಸ್ಟ್ಯಾಂಡು) ಇಸ್ಕೊಳ್ಳಿ, ಮುಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ.

ಆದ್ರೆ ಅದಕ್ಕೂ ಮುಂಚೆ, ತೂತಾಗಿರೋದು ಟ್ಯಾಂಕೇನಾ ಅಂತ ಖಾತ್ರಿ ಮಾಡ್ಕೊಳ್ಳಿ. ಫುಲ್ ಟ್ಯಾಂಕ್ ಹಾಕ್ಸಿದಾಗ ಮಾತ್ರ ಸೋರಿ ಅರ್ಧಕ್ಕೆ ಬಂದ್ಮೇಲೆ ನಿಂತೋಗುತ್ತೆ ಅಂದ್ರೆ ಪೆಟ್ರೋಲ್ ಹಾಕೋ ಬಾಯಿಂದ ಟ್ಯಾಂಕಿಗೆ ಬರೋ ದಪ್ಪ ರಬ್ಬರ್ ಹೋಸೋ, ಪಕ್ಕದಲ್ಲಿ ಟ್ಯಾಂಕಿನ ಗಾಳಿ ಹೋಗೋ ಸಣ್ಣ ಬ್ರೀದರ್ ಹೋಸೋ ಬಿರುಕು ಬಿಟ್ಟಿರುತ್ತೆ. ಬೆರಳಲ್ಲಿ ಮಡಚಿ ನೋಡಿ, ಹಳೇ ರಬ್ಬರ್ ಗೆರೆ ಗೆರೆ ಬಿಟ್ಕೊಳ್ಳುತ್ತೆ. ಹಾಗಿದ್ರೆ ಹೋಸ್ ಬದಲಾಯ್ಸಿದ್ರೆ ಮುಗೀತು. ಈಗ ಬಂಕಲ್ಲಿ ಸಿಗೋದು 20 ಪರ್ಸೆಂಟ್ ಎಥೆನಾಲ್ ಸೇರಿರೋ ಪೆಟ್ರೋಲು, 2006ರ ರಬ್ಬರ್ ಅದನ್ನ ಲೆಕ್ಕಕ್ಕಿಟ್ಟು ಮಾಡಿದ್ದಲ್ಲ, ಅದಕ್ಕೆ ಹೊಸದು ಹಾಕುವಾಗ ಫ್ಯೂಯಲ್ ಹೋಸೇ ಕೇಳಿ, ನೀರಿನ ಪೈಪ್ ತುಂಡು ಹಾಕ್ಬೇಡಿ.

ಎಂಟ್ನೂರು ಕೋಲಾರ:
ಟಾರ್ಚ್ ಬಿಟ್ಟು ನೋಡ್ದೆ ಅಣ್ಣ, ಹೋಸಲ್ಲಿ ಎಲ್ಲೂ ಬಿರುಕಿಲ್ಲ, ಒದ್ದೇನೂ ಇಲ್ಲ. ಟ್ಯಾಂಕಿನ ಮೇಲರ್ಧ ಕೆಳಗರ್ಧ ಸೇರೋ ಅಂಚಲ್ಲಿ ತುಕ್ಕು ಹಿಡಿದು ಅಲ್ಲೇ ಹನಿ ನಿಂತಿದೆ, ಒರೆಸಿದ್ರೆ ಮತ್ತೆ ಬರುತ್ತೆ. ಇಳಿಸಲೇಬೇಕು ಅನ್ಸುತ್ತೆ. ಪೆಟ್ರೋಲ್ ಪೈಪ್ ಹಾಕಿ ಬಾಯಲ್ಲಿ ಎಳೆದು ಬಿಂದಿಗೆಗೆ ಬಿಡ್ಲಾ?

ಚಿಂತಾಮಣಿ ಕಡೆಯವ:
ಬಾಯಲ್ಲಿ ಎಳೀಬೇಡಿ ಬ್ರೋ, ಒಂದು ಗುಟುಕು ಶ್ವಾಸಕೋಶಕ್ಕೆ ಹೋದ್ರೂ ಆಸ್ಪತ್ರೆ ಸೇರ್ಬೇಕಾಗುತ್ತೆ. ರಬ್ಬರ್ ಉಂಡೆ ಒತ್ತೋ ಕೈಪಂಪ್ ಕಮ್ಮಿ ರೇಟಿಗೆ ಸಿಗುತ್ತೆ. ಪ್ಲಾಸ್ಟಿಕ್ ಬಿಂದಿಗೆ, ಬಕೆಟ್ ಬೇಡವೇ ಬೇಡ, ಸ್ಟ್ಯಾಟಿಕ್ ಕಿಡಿ ಬರುತ್ತೆ. ಬಿಗಿ ಮುಚ್ಚಳದ ತಗಡಿನ ಕ್ಯಾನು, ಅದೂ ನೆಲದ ಮೇಲೇ ಇಟ್ಟು ತುಂಬ್ಸಿ. 1934ರ ಪೆಟ್ರೋಲಿಯಂ ಕಾಯ್ದೆ ಪ್ರಕಾರನೂ ಲೈಸೆನ್ಸ್ ಇಲ್ದೆ ಇಟ್ಕೊಳ್ಳೋ ಪೆಟ್ರೋಲ್ 30 ಲೀಟರ್ ದಾಟಬಾರ್ದು, ಲೋಹದ ಕ್ಯಾನು ಒಂದೊಂದೂ 25 ಲೀಟರ್ ಒಳಗಿರ್ಬೇಕು. ನಿಮ್ಮ ಟ್ಯಾಂಕೇ 28 ಲೀಟರ್, ಅರ್ಧ ಅಂದ್ರೆ 14, ಒಂದೇ ಕ್ಯಾನಲ್ಲಿ ಮುಗಿಯುತ್ತೆ.

ಸ್ಪ್ಯಾನರ್ ತುಮಕೂರು:
ಸರಿಯಾಗಿ ಹೇಳಿದ್ರು. ಈಗ ಕೆಲ್ಸ ಕೇಳಿ. ಹಿಂದಿನ ದಿನಾನೇ ಟ್ಯಾಂಕ್ ಬೋಲ್ಟಿಗೆಲ್ಲ ತುಕ್ಕು ಬಿಡ್ಸೋ ಎಣ್ಣೆ ಹೊಡೆದು ಬಿಡಿ, ಯಾಕಂದ್ರೆ ಬೋಲ್ಟ್ ಬರ್ಲಿಲ್ಲ ಅಂತ ಕಬ್ಬಿಣ ಕೊಯ್ಯೋ ಗ್ರೈಂಡರ್ ತಗೊಳ್ಳೋ ಹುಡುಗ್ರೇ ಜಾಸ್ತಿ, ಅದರ ಕಿಡಿಗೇ ಅನಾಹುತ ಆಗೋದು. ನಿಮ್ದು ಎಂಪಿಎಫ್‌ಐ, ಪಂಪ್ ಟ್ಯಾಂಕ್ ಒಳಗೇ ಇದೆ, ಲೈನಲ್ಲಿ ಪ್ರೆಶರ್ ಇರುತ್ತೆ. ಫ್ಯೂಯಲ್ ಪಂಪ್ ಫ್ಯೂಸ್ ಕಿತ್ತು ಇಂಜಿನ್ ಸ್ಟಾರ್ಟ್ ಮಾಡಿ, ತಾನೇ ಆಫ್ ಆಗೋವರ್ಗೂ ಬಿಡಿ, ಕೀ ತೆಗೆದು ಬ್ಯಾಟರಿ ನೆಗೆಟಿವ್ ಬಿಚ್ಚಿ. ಸೈಲೆನ್ಸರ್ ಕೈ ಇಟ್ರೆ ತಣ್ಣಗಿರ್ಬೇಕು, ಆಮೇಲೇನೇ ಪೆಟ್ರೋಲ್ ತೆಗೆಯೋದು. ಫೋನ್ ಎಲ್ಲಾರ್ದೂ ಮನೆ ಒಳಗೆ. ವೈರ್ ಎಳೆದು ಬಲ್ಬ್ ಹಿಡ್ಕೋಬೇಡಿ, ಸೆಲ್ ಹಾಕೋ ಎಲ್‌ಇಡಿ ಟಾರ್ಚನ್ನ ದೂರದಲ್ಲೇ ಆನ್ ಮಾಡ್ಕೊಂಡು ಬನ್ನಿ. ಕಾಟನ್ ಬಟ್ಟೆ, ಕಣ್ಣಿಗೆ ಕನ್ನಡಕ.

ಮೂರು ಜನದಲ್ಲಿ ಕೆಳಗೆ ಹೋಗೋನು ಒಬ್ನೇ. ಇನ್ನೊಬ್ಬ ಜಾಕಿ ಹಿಡೀಲಿ. ಮೂರನೆಯವನು ಸ್ಪ್ಯಾನರ್ ಮುಟ್ಟೋದೇ ಬೇಡ, ಡ್ರೈ ಪೌಡರ್ ಎಕ್ಸ್‌ಟಿಂಗ್ವಿಷರ್ ಪಿನ್ ಹತ್ರ ಕೈ ಇಟ್ಕೊಂಡು, ಪಕ್ಕದಲ್ಲಿ ಒಣ ಮರಳು ಇಟ್ಕೊಂಡು ನಿಂತಿರ್ಲಿ, ಬೀಡಿ ಸೇದ್ಕೊಂಡು ಬಂದ ಪಕ್ಕದ್ಮನೆ ತಾತನ್ನ ದೂರ ಕಳ್ಸೋದೂ ಅವನದೇ ಕೆಲ್ಸ. ಬೆಂಕಿಗೆ ನೀರು ಎರಚಬೇಡಿ, ಪೆಟ್ರೋಲ್ ನೀರಿನ ಮೇಲೆ ತೇಲಿ ಬೆಂಕಿನ ಇನ್ನೂ ಹರಡುತ್ತೆ. ಕೈಮೀರಿದ್ರೆ ಎಲ್ಲಾ ಬಿಟ್ಟು ದೂರ ಓಡಿ 112ಕ್ಕೆ ಮಾಡಿ.

ಟ್ಯಾಂಕ್ ಕೆಳಗೆ ಹಲಗೆ ಇಟ್ಟು ಜಾಕಿ ಕೊಟ್ಟು, ಬೋಲ್ಟ್ ಎಲ್ಲಾ ಸ್ವಲ್ಪ ಸ್ವಲ್ಪ ಸಡಿಲ ಮಾಡಿ. ಒಂದು ಗೇಣು ಇಳಿಸಿ ನಿಲ್ಸಿ, ಮೇಲಿರೋ ಕನೆಕ್ಟರ್, ಹೋಸ್‌ಗಳಿಗೆ ಕೈ ಎಟುಕುತ್ತೆ. ಬಿಚ್ಚೋ ಮುಂಚೆ ಯಾವ್ದು ಎಲ್ಲಿಗೆ ಅಂತ ಟೇಪ್ ಸುತ್ತಿ ಗುರುತು ಹಾಕಿ. ಹೋಸ್ ಹಿಡ್ಕೊಂಡಿದ್ರೆ ಎಳೀಬೇಡಿ, ಮೊದ್ಲು ತಿರುಗಿಸಿ ಬಿಡಿಸ್ಕೊಳ್ಳಿ. ಬಿಚ್ಚಿದ ಹೋಸ್ ತುದಿಗೆ ತಕ್ಷಣ ಅದರ ಅಳತೆಯ ಬೋಲ್ಟ್ ತುರುಕಿ ಮುಚ್ಚಿ.

ಎಂಟ್ನೂರು ಕೋಲಾರ:
ಇಲ್ಲಿ ವೆಲ್ಡಿಂಗ್ ಅಂಗಡಿ ಹುಡುಗ ನೀರಲ್ಲಿ ತೊಳ್ಕೊಂಡು ಬನ್ನಿ ಐದು ನಿಮಿಷದಲ್ಲಿ ಹಾಕ್ಕೊಡ್ತೀನಿ ಅಂತಾನೆ ಅಣ್ಣ.

ಸ್ಪ್ಯಾನರ್ ತುಮಕೂರು:
ದಯವಿಟ್ಟು ಕೊಡ್ಬೇಡಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಅಪಾಯ, ಒಳಗೆ ಆವಿ ಗಾಳಿ ಎರಡೂ ಸೇರ್ಕೊಂಡಿರುತ್ತೆ. ಎಷ್ಟ್ ತೊಳೆದ್ರೂ ಅಂಚಿನ ಸಂದೀಲಿ, ತುಕ್ಕಿನ ಪದರದಲ್ಲಿ ಪೆಟ್ರೋಲ್ ಉಳ್ಕೊಂಡಿರುತ್ತೆ, ಬಿಸಿ ತಾಗಿದ್ ತಕ್ಷಣ ಆವಿಯಾಗಿ ಸಿಡಿಯುತ್ತೆ, ಆ ಹುಡುಗನ ಮುಖದ ಮುಂದೆನೇ. ಅಂಚೇ ತುಕ್ಕು ತಿಂದಿದ್ರೆ ಇನ್ನೊಂದು ಕಡೆ ನಾಳೆ ತೂತಾಗುತ್ತೆ, ಟ್ಯಾಂಕೇ ಬದಲಾಯ್ಸಿ. ಗುಜರೀಲಿ ತಗೊಂಡ್ರೆ ಒಳಗೆ ಟಾರ್ಚ್ ಬಿಟ್ಟು ತುಕ್ಕು ನೋಡಿ ತಗೊಳ್ಳಿ. ಪಂಪ್ ಕೂರೋ ಜಾಗದ ರಬ್ಬರ್ ಗ್ಯಾಸ್ಕೆಟ್, ಕ್ಲಾಂಪು ಹೊಸದೇ ಹಾಕಿ. ಕೂರ್ಸಿದ್ಮೇಲೆ ಐದು ಲೀಟರ್ ಹಾಕಿ, ಕಿತ್ತ ಫ್ಯೂಸ್, ಬ್ಯಾಟರಿ ವಾಪಸ್ ಜೋಡ್ಸಿ, ಸ್ಟಾರ್ಟ್ ಮಾಡ್ದೆ ಕೀ ಮಾತ್ರ ಎರಡು ಮೂರು ಸಲ ಆನ್ ಆಫ್ ಮಾಡಿ, ಜಾಯಿಂಟ್‌ಗಳಿಗೆ ಒಣ ಬಟ್ಟೆ ಒತ್ತಿ ನೋಡಿ. ಬಟ್ಟೆ ಒದ್ದೆ ಆಗ್ಲಿಲ್ಲ ಅಂದ್ರೆ ಫುಲ್ ಮಾಡ್ಸಿ ಮತ್ತೊಮ್ಮೆ ಮೇಲಿನ ಹೋಸ್ ಚೆಕ್ ಮಾಡಿ. ತೆಗೆದ ಪೆಟ್ರೋಲಲ್ಲಿ ತಳದಲ್ಲಿ ನೀರು, ತುಕ್ಕು ಕಂಡ್ರೆ ವಾಪಸ್ ಹಾಕ್ಬೇಡಿ, ಚರಂಡಿಗೂ ಸುರೀಬೇಡಿ, ಮೆಕ್ಯಾನಿಕ್ ಹತ್ರ ಕೊಟ್ಬಿಡಿ.