ಪ್ರಶ್ನೋತ್ತರ: ಕ್ರಿಸ್ಮಸ್‌ಗೆ ಅನಾಥಾಶ್ರಮಕ್ಕೆ ಹೋಗೋಣ ಅಂತಿದ್ದೇವೆ, ಏನು ತಗೊಂಡು ಹೋಗಲಿ?

ಪ್ರಶ್ನೆ (ಯೂತ್ ಗ್ರೂಪ್ ಸದಸ್ಯೆ, ಲಿಂಗರಾಜಪುರ):
ಮೇಡಂ, ನಮಸ್ಕಾರ. ನಮ್ಮ ಚರ್ಚಿನ ಯೂತ್ ಗ್ರೂಪಿನಲ್ಲಿ 25 ಜನ ಇದ್ದೇವೆ. ಹೋದ ವರ್ಷ ಕ್ರಿಸ್ಮಸ್ ಹಾಡು (ಕ್ಯಾರಲ್ಸ್) ಹಾಡಲು ಮನೆಮನೆಗೆ ಹೋದಾಗ ಬಂದಿದ್ದು, ಆಮೇಲೆ ಇಬ್ಬರು ಹಿರಿಯರು ಕೊಟ್ಟಿದ್ದು ಎಲ್ಲಾ ಸೇರಿ 72,000 ರೂಪಾಯಿ ಇದೆ. ಡಿಸೆಂಬರ್ 23ಕ್ಕೆ ಒಂದು ಅನಾಥಾಶ್ರಮಕ್ಕೆ ಹೋಗಿ ಕೇಕ್, ಊಟ, ಹೊಸ ಬಟ್ಟೆ, ಆಟದ ಸಾಮಾನು ಕೊಡಬೇಕು, ಹಾಡು ಹಾಡಿ ಒಂದು ಬೈಬಲ್ ಕಥೆ ಹೇಳಬೇಕು ಅಂತ ಆಸೆ. ಹಣ ಕೊಟ್ಟವರಿಗೆ ತೋರಿಸಲು ಫೋಟೋನೂ ಬೇಕು. ನೀವು ಇದೇ ಕೆಲಸದಲ್ಲಿ ಇರುವವರು. ಏನು ತಗೊಂಡು ಹೋದರೆ ಒಳ್ಳೆಯದು?

ಉತ್ತರ (ಸಮಾಜ ಕಾರ್ಯಕರ್ತೆ, ಮಕ್ಕಳ ರಕ್ಷಣೆ):
ನಿಮ್ಮ ಮನಸ್ಸು ನೋಡಿ ಖುಷಿಯಾಯಿತು. ಮೊದಲು ನಾನು ಕೆಲಸ ಮಾಡುತ್ತಿದ್ದ ಮನೆಯಲ್ಲಿ ಕಂಡ ಒಂದು ಡಿಸೆಂಬರ್ 23ರ ಬಗ್ಗೆ ಹೇಳುತ್ತೇನೆ.

ಬೆಳಿಗ್ಗೆ ಒಂದು ಕಂಪನಿಯವರು ಬಂದರು. ಮಧ್ಯಾಹ್ನ ಒಂದು ಕಾಲೇಜಿನವರು. ಸಂಜೆ ಒಂದು ಚರ್ಚಿನವರು. ಮಕ್ಕಳು ಅದೇ ಹಾಡನ್ನು ಮೂರು ಸಲ ಹಾಡಿದರು, ಮೂರು ಸಲ ಕೇಕ್ ತಿಂದರು. ಸಂಜೆ ಗೇಟಿನ ಸದ್ದು ಕೇಳಿದಾಗ ಎಂಟು ವರ್ಷದ ಹುಡುಗಿಯೊಬ್ಬಳು ತಲೆ ಮೇಲಿನ ಕಾಗದದ ಟೋಪಿ ಸರಿಮಾಡಿಕೊಳ್ಳುತ್ತಾ, "ಅಕ್ಕ, ಇವರೇ ಕೊನೇನಾ?" ಅಂದಳು. ಅದೇ ಹುಡುಗಿ ಮುಂದಿನ ಜೂನ್‌ನಲ್ಲಿ ಸಾಕ್ಸ್ ಜಾರದಿರಲಿ ಅಂತ ರಬ್ಬರ್ ಬ್ಯಾಂಡ್ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಳು. ಸಂಜೆ ಬಿಚ್ಚಿದಾಗ ಕಾಲಿನ ಸುತ್ತ ಕೆಂಪು ಗೀರು. ಸ್ಟೋರ್ ರೂಮಿನಲ್ಲಿ ಕ್ರೇಯಾನ್ ಡಬ್ಬಿಗಳ ರಾಶಿಯೇ ಇತ್ತು. ಅವಳ ಅಳತೆಯ ಸಾಕ್ಸ್ ಮಾತ್ರ ಒಂದು ಜೊತೆಯೂ ಇರಲಿಲ್ಲ.

ಬಂದವರ ತಪ್ಪು ಏನೂ ಇಲ್ಲ. ಅವರು ಪ್ರೀತಿಯಿಂದಲೇ ಬಂದಿದ್ದರು. ಆದರೆ ಎಲ್ಲರೂ ಒಂದೇ ವಾರ ಬರುತ್ತಾರೆ, ಏನು ಬೇಕು ಅಂತ ಯಾರೂ ಕೇಳುವುದಿಲ್ಲ. ಹೋಗುವ ಮುಂಚೆ ಅಲ್ಲಿನ ಅಧೀಕ್ಷಕರಿಗೆ ಒಂದು ಫೋನ್ ಮಾಡಿ. ಅವರು ಹೇಳುವುದು ಒಳಉಡುಪು, ಸ್ಯಾನಿಟರಿ ಪ್ಯಾಡ್, ಚಪ್ಪಲಿ, ಹೇನಿನ ಔಷಧಿ, ಕೆಟ್ಟುಹೋದ ಗೀಸರ್ ಇಂಥದ್ದೇ ಇರುತ್ತದೆ. ಫೋಟೋಗೆ ಚೆನ್ನಾಗಿ ಕಾಣುವುದಿಲ್ಲ, ಆದರೆ ಬೇಕಾಗಿರುವುದು ಅದೇ.

25 ಜನ ಒಟ್ಟಿಗೆ ಹೋಗಬೇಡಿ. ಇಡೀ ವರ್ಷ ಶನಿವಾರ ಬಿಡುವು ಮಾಡಿಕೊಳ್ಳಬಲ್ಲ ಮೂರ್ನಾಲ್ಕು ಜನರನ್ನು ನಿಮ್ಮಲ್ಲೇ ಆರಿಸಿ. ಜನವರಿಯಿಂದ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಗಣಿತ ಹೇಳಿಕೊಡುವವರು ಸಿಕ್ಕರೆ ಅದಕ್ಕಿಂತ ದೊಡ್ಡ ಕ್ರಿಸ್ಮಸ್ ಗಿಫ್ಟ್ ಇಲ್ಲ. ಪೊಲೀಸ್ ವೆರಿಫಿಕೇಷನ್ ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಹಾಗೆ ಕೇಳುವ ಮನೆಯೇ ಒಳ್ಳೆಯ ಮನೆ. ಎರಡು ವಾರ ಬಂದು ನಿಂತುಬಿಡುವವರು ಬಾರದೇ ಇದ್ದರೇ ಒಳ್ಳೆಯದು. ಬಿಟ್ಟು ಹೋದವರನ್ನು ಆ ಮಕ್ಕಳು ಈಗಾಗಲೇ ಜಾಸ್ತಿ ನೋಡಿದ್ದಾರೆ.

ಫೋಟೋ ಬೇಡವೇ ಬೇಡ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಇಂಥ ಮಕ್ಕಳ ಗುರುತು ಗೊತ್ತಾಗುವಂತೆ ಎಲ್ಲೂ ಪ್ರಕಟಿಸುವ ಹಾಗಿಲ್ಲ. ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಹಣ ಕೊಟ್ಟವರಿಗೆ ಬಿಲ್ ತೋರಿಸಿ, ಸಾಕು.

ಬೈಬಲ್ ಕಥೆ ಬಗ್ಗೆ. ನಾನೂ ಭಾನುವಾರ ತಪ್ಪದೆ ಚರ್ಚಿನ ಪೂಜೆಗೆ ಹೋಗುವವಳು, ಅದಕ್ಕೇ ನೇರವಾಗಿ ಹೇಳುತ್ತೇನೆ: ಬೇಡ. ಅಲ್ಲಿ ಎಲ್ಲಾ ಧರ್ಮದ ಮನೆಗಳ ಮಕ್ಕಳೂ ಇರುತ್ತಾರೆ. ಊಟ ಬಡಿಸುವವರು ಏನು ಹೇಳಿದರೂ ಮಗು ತಲೆಯಾಡಿಸುತ್ತದೆ. ಅದು ಒಪ್ಪಿಗೆ ಅಲ್ಲ. ನೀವು ಯಾಕೆ ಬರುತ್ತೀರಿ ಅಂತ ಮಗುವೇ ಕೇಳಿದರೆ ಮುಚ್ಚಿಡದೆ ಹೇಳಿ.

ಇನ್ನು 72,000. ಇದರ ಬಗ್ಗೆ ನನಗೆ ಹೇಳುವುದು ಜಾಸ್ತಿ ಇದೆ. ಅನಾಥಾಶ್ರಮ ಅಂತ ನಾವು ಕರೆಯುವ ಮನೆಗಳಲ್ಲಿ ನಾನು ನೋಡಿದ ಎಷ್ಟೋ ಮಕ್ಕಳು ಅನಾಥರಲ್ಲ. ತಾಯಿ ಇದ್ದಾಳೆ, ಅಜ್ಜಿ ಇದ್ದಾಳೆ. ಬಾಡಿಗೆ ಕಟ್ಟಲು ಆಗಲಿಲ್ಲ, ಕೆಲಸಕ್ಕೆ ಹೋದರೆ ನೋಡಿಕೊಳ್ಳುವವರಿಲ್ಲ, ಅದಕ್ಕೆ ಮಗು ಇಲ್ಲಿಗೆ ಬಂದಿದೆ. ಬೈಬಲಿನ ಯಾಕೋಬನ ಪತ್ರಿಕೆ 1:27 ನಿಮಗೆ ಗೊತ್ತೇ ಇದೆ ಅಲ್ವಾ? ಅದರಲ್ಲಿ ನಾವು ನೋಡಿಕೊಳ್ಳಬೇಕಾದವರು ಅಂತ ತಂದೆತಾಯಿ ಇಲ್ಲದ ಮಕ್ಕಳು ಮತ್ತು ವಿಧವೆಯರು ಒಟ್ಟಿಗೇ ಬರುತ್ತಾರೆ. ನಾವು ಮಕ್ಕಳಿಗೆ ಹಾಸ್ಟೆಲ್ ಕಟ್ಟಿದೆವು, ತಾಯಂದಿರನ್ನು ಮರೆತೆವು. ನಿಮ್ಮ ಹಣದಲ್ಲಿ ತಿಂಗಳಿಗೆ 3,000ದಂತೆ ಎರಡು ಮನೆಗಳಿಗೆ ಒಂದು ವರ್ಷ ಪೂರ್ತಿ ಕೊಡಬಹುದು. ಎರಡು ಮನೆಯ ಮಕ್ಕಳು ಅಮ್ಮನ ಪಕ್ಕದಲ್ಲೇ ಮಲಗುತ್ತಾರೆ.

ಇದು ಹೊಸದೇನಲ್ಲ. 1833ರಲ್ಲಿ ಪ್ಯಾರಿಸ್‌ನಲ್ಲಿ ಕಾಲೇಜು ಹುಡುಗರು ಶುರು ಮಾಡಿದ ಸಂತ ವಿನ್ಸೆಂಟ್ ಡಿ ಪೌಲ್ ಸಭೆಯವರು ಇವತ್ತಿಗೂ ಇಬ್ಬಿಬ್ಬರಾಗಿ ಬಡವರ ಮನೆಗೇ ಹೋಗುತ್ತಾರೆ. ಬೆಂಗಳೂರಿನ ಚರ್ಚುಗಳಲ್ಲೂ ಇದ್ದಾರೆ, ಹೋಗಿ ಮಾತಾಡಿ. ನಮ್ಮೂರಿನ ಬೋಸ್ಕೋ ಸಂಸ್ಥೆ 1980ರಲ್ಲಿ ಶುರುವಾಗಿದ್ದೂ ಸಲೇಷಿಯನ್ ಎಂಬ ಕ್ಯಾಥೊಲಿಕ್ ಸಭೆಯ ವಿದ್ಯಾರ್ಥಿಗಳು ಬೀದಿ ಮಕ್ಕಳು ಇದ್ದಲ್ಲಿಗೇ ಹೋಗಿ ಸ್ನೇಹ ಮಾಡಿದ್ದರಿಂದ. ಅವರಿಗೂ ಹೆಚ್ಚುಕಡಿಮೆ ನಿಮ್ಮದೇ ವಯಸ್ಸು.

ಪ್ರಶ್ನೆ (ನಿವೃತ್ತ ಬ್ಯಾಂಕ್ ನೌಕರರು, ಜಾಲಹಳ್ಳಿ):
ಹೋದ ವರ್ಷ ಒಬ್ಬರಿಗೆ 10,000 ನಗದು ಕೊಟ್ಟೆ, ರಸೀದಿಯೇ ಬರಲಿಲ್ಲ. ಸಂಸ್ಥೆ ಸರಿ ಇದೆ ಅಂತ ತಿಳಿಯುವುದು ಹೇಗಮ್ಮಾ? ಅಮೆರಿಕದಲ್ಲಿರುವ ಮಗಳೂ ಕಳಿಸುತ್ತೇನೆ ಅನ್ನುತ್ತಾಳೆ.

ಉತ್ತರ:
ಸರ್, ಬಾಲನ್ಯಾಯ ಕಾಯ್ದೆ 41ನೇ ಸೆಕ್ಷನ್ ಕೆಳಗಿನ ನೋಂದಣಿ ಪತ್ರ ತೋರಿಸಿ ಅಂತ ಕೇಳಿ. ಅದು ಐದು ವರ್ಷಕ್ಕೆ ಇರುತ್ತದೆ, ತಾರೀಕು ನೋಡಿ. ಅಲ್ಲಿರುವ ಪ್ರತಿ ಮಗುವಿಗೂ, ಅದನ್ನು ಅಲ್ಲಿ ಇರಿಸಲು ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಇರಬೇಕು. "ನಾವು ದೇವರ ಕೆಲಸ ಮಾಡುವವರು, ಕಾಗದ ಯಾಕೆ" ಅಂದರೆ ಎದ್ದು ಬನ್ನಿ. ದೇವರ ಕೆಲಸಕ್ಕೆ ಲೆಕ್ಕ ಇನ್ನೂ ಚೊಕ್ಕವಾಗಿರಬೇಕು.

ದೇಣಿಗೆಗೆ ಸಿಗುವ ಆದಾಯ ತೆರಿಗೆ ವಿನಾಯಿತಿ (80ಜಿ ಅಂತ ಕರೆಯುವುದು) ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಸಿಗುತ್ತದೆ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಅದಕ್ಕೆ ಇಲ್ಲ. ಅಕ್ಕಿ, ಬಟ್ಟೆಗೂ ಇಲ್ಲ. ಚೆಕ್ ಅಥವಾ ಆನ್‌ಲೈನ್ ಕೊಟ್ಟು ರಸೀದಿ ಇಟ್ಟುಕೊಳ್ಳಿ. ಮಗಳದ್ದು ಇನ್ನೂ ಭಾರತದ ಪಾಸ್‌ಪೋರ್ಟ್ ಆಗಿದ್ದು, ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಲ್ಲಿನ ಪೌರತ್ವ ತೆಗೆದುಕೊಂಡಿದ್ದರೆ ಆಗುತ್ತದೆ. ಆಗ ವಿದೇಶಿ ದೇಣಿಗೆ ಪಡೆಯಲು ಎಫ್‌ಸಿಆರ್‌ಎ ಕಾಯ್ದೆಯ ಕೆಳಗೆ ನೋಂದಣಿ ಅಥವಾ ಅನುಮತಿ ಇರುವ ಸಂಸ್ಥೆಗೆ ಮಾತ್ರ ಕಳಿಸಬಹುದು.

ಪ್ರತಿಕ್ರಿಯೆ (ಸದಸ್ಯ, ಮಡಿವಾಳ):
ನಾನು ಇಂಥದ್ದೇ ಮನೆಯಲ್ಲಿ ಬೆಳೆದವನು. ಒಂದು ಮಾತು ಸೇರಿಸಲೇ? ನನಗೆ 17 ಆದಾಗ ಚರ್ಚಿನ ಒಬ್ಬ ಅಂಕಲ್ ಮಾರ್ಕೆಟ್‌ಗೆ ಕರೆದುಕೊಂಡು ಹೋಗಿ, ನೂರು ರೂಪಾಯಿ ಕೈಗಿಟ್ಟು, "ಅರ್ಧ ಕೆಜಿ ಟೊಮೆಟೊ ನೀನೇ ಆರಿಸಿ ತಗೋ" ಅಂದರು. ಅಲ್ಲಿವರೆಗೂ ನಾನು ದುಡ್ಡು ಕೊಟ್ಟು ತರಕಾರಿ ಕೊಂಡಿರಲೇ ಇಲ್ಲ. ಚಿಲ್ಲರೆ ಎಣಿಸಿಕೊಳ್ಳುವಾಗ ಕೈ ನಡುಗಿತ್ತು. ಗ್ಯಾಸ್ ಹಚ್ಚುವುದು, ಬ್ಯಾಂಕ್ ಅರ್ಜಿ ತುಂಬುವುದು ಎಲ್ಲಾ ಅವರೇ ಕಲಿಸಿದರು. 18 ತುಂಬಿ ಹೊರಗೆ ಬಂದಾಗ ಪಿಜಿ ಅಡ್ವಾನ್ಸ್ ಕೊಟ್ಟರು. ದೊಡ್ಡ ಮಕ್ಕಳನ್ನು ಮರೆಯಬೇಡಿ.

ಉತ್ತರ:
ಇದನ್ನು ನಾನೇ ಹೇಳಬೇಕಿತ್ತು, ಥ್ಯಾಂಕ್ಸ್. 18ರಿಂದ 21ರವರೆಗೆ ನೆರವು ಕೊಡಲು ಕಾಯ್ದೆಯಲ್ಲಿ ಅವಕಾಶ ಇದೆ. ಆದರೆ ಟೊಮೆಟೊ ಆರಿಸುವುದನ್ನು ಕಲಿಸಲು ಜನ ಬೇಕು.

ಪ್ರಶ್ನೆ (ಗೃಹಿಣಿ, ಕಮ್ಮನಹಳ್ಳಿ):
ಮೇಡಂ, ನಮ್ಮ ಮನೆ ಕೆಲಸಕ್ಕೆ ಬರುವವರ ಗಂಡ ಏಳು ತಿಂಗಳ ಹಿಂದೆ ತೀರಿಕೊಂಡರು. ಆರು ಮತ್ತು ಒಂಬತ್ತು ವರ್ಷದ ಮಕ್ಕಳು. ಇಬ್ಬರನ್ನೂ ಯಾವುದಾದರೂ ಆಶ್ರಮಕ್ಕೆ ಸೇರಿಸಿಕೊಡಿ ಅಂತ ಅಳುತ್ತಾರೆ. ಸೇರಿಸಲೇ?

ಉತ್ತರ:
ದಯವಿಟ್ಟು ಆತುರಪಡಬೇಡಿ. ಮಿಷನ್ ವಾತ್ಸಲ್ಯ ಅಂತ ಸರ್ಕಾರದ ಮಕ್ಕಳ ರಕ್ಷಣೆ ಯೋಜನೆ ಇದೆ. ಅದರ ಪ್ರಾಯೋಜಕತ್ವದಲ್ಲಿ, ಅಂದರೆ ಮಗು ಮನೆಯಲ್ಲೇ ಬೆಳೆಯಲು ಕೊಡುವ ನೆರವಿನಲ್ಲಿ, ಇಂಥ ಮಕ್ಕಳಿಗೆ ಒಬ್ಬೊಬ್ಬರಿಗೂ ತಿಂಗಳಿಗೆ 4,000 ರೂಪಾಯಿ ಕೊಡಲು ಅವಕಾಶ ಇದೆ. ನಗರದಲ್ಲಿ ಕುಟುಂಬದ ಆದಾಯ ವರ್ಷಕ್ಕೆ 96,000 ದಾಟಿರಬಾರದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಹಾಕಬೇಕು. ಮಂಜೂರಾಗಲು ಸಮಯ ಹಿಡಿಯುತ್ತದೆ. ಅಷ್ಟರೊಳಗೆ ವಿಧವಾ ವೇತನಕ್ಕೂ ಹಾಕಿಸಿ. ಕಷ್ಟ ಇರುವುದು ಓಡಾಟದಲ್ಲಿ. ಒಂದು ದಿನ ಕೆಲಸ ಬಿಟ್ಟು ಕಚೇರಿಗೆ ಹೋದರೆ ಅವರಿಗೆ ಆ ದಿನದ ಸಂಬಳ ಹೋಗುತ್ತದೆ. ನಿಮ್ಮ ಮನೆಯಲ್ಲಿ ಸಂಬಳ ಕಡಿಯಬೇಡಿ, ಸಾಧ್ಯವಾದರೆ ನೀವೇ ಜೊತೆಗೆ ಹೋಗಿ.

ಪ್ರತಿಕ್ರಿಯೆ (ಯೂತ್ ಗ್ರೂಪ್ ಸದಸ್ಯೆ, ಲಿಂಗರಾಜಪುರ):
ಅಕ್ಕ, ಕಮ್ಮನಹಳ್ಳಿ ನಮಗೆ ಪಕ್ಕದಲ್ಲೇ. ಮಂಜೂರಾಗುವವರೆಗೆ ತಿಂಗಳ 3,000 ನಾವು ಕೊಡುತ್ತೇವೆ. ಭಾನುವಾರ ಗ್ರೂಪಿನಲ್ಲಿ ಮಾತಾಡಿ ನಿಮಗೆ ಮೆಸೇಜ್ ಮಾಡುತ್ತೇನೆ. ನಮ್ಮಲ್ಲಿ ಇಬ್ಬರು ಕಚೇರಿಗೂ ಬರುತ್ತೇವೆ. ಮೇಡಂ, ಯಾವ ಕಾಗದ ಇಟ್ಟುಕೊಂಡಿರಬೇಕು?

ಉತ್ತರ:
ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ, ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ, ಎಲ್ಲರ ಆಧಾರ್, ಬ್ಯಾಂಕ್ ಪಾಸ್‌ಬುಕ್. ಮೊದಲು ಎಲ್ಲವನ್ನೂ ಮೇಜಿನ ಮೇಲೆ ಹರಡಿ ಗಂಡನ ಹೆಸರು ಒಂದೇ ಥರ ಇದೆಯಾ ನೋಡಿ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಅದನ್ನು ಸರಿಮಾಡಿಸಿಕೊಂಡೇ ಹೊರಡಿ.