ದೂರದ ಕಂಪ್ಯೂಟರಿನ ಪ್ರಿಂಟ್ ಸಾಲನ್ನು ಮೌಸ್ ಹಿಡಿದು ನೋಡಿಕೊಳ್ಳೋದು ಹೇಗೆ?

ಪ್ರಶ್ನೆ:
ನಮ್ಮ ಪ್ರಿಂಟರ್ ಕೆಳಗಿನ ಮಹಡಿಯ ಒಂದು ಲಿನಕ್ಸ್ ಕಂಪ್ಯೂಟರಿಗೆ ಸೇರಿಸಿದೆ. ಅದಕ್ಕೆ ಮಾನಿಟರ್ ಇಲ್ಲ, ಕೀಬೋರ್ಡೂ ಇಲ್ಲ. ಮೊನ್ನೆ ಯಾರೋ 300 ಪುಟದ ಪಿಡಿಎಫ್ ಕಳಿಸಿದರು, ಅದು ಮೂರನೇ ಪುಟಕ್ಕೇ ಸಿಕ್ಕಿಕೊಂಡಿತು, ಹಿಂದೆ ಎಲ್ಲರ ಕೆಲಸ ಸಾಲಾಗಿ ನಿಂತುಬಿಟ್ಟಿತು. ನಾನು ಎಸ್‌ಎಸ್‌ಎಚ್‌ನಲ್ಲಿ (ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಲಾಗಿನ್ ಆಗಿ ಕಮಾಂಡ್ ಕೊಡುವ ದಾರಿ) ಒಳಗೆ ಹೋಗಿ ರದ್ದು ಮಾಡಿದೆ. ಆದರೆ ನಾನಿಲ್ಲದ ದಿನ? ಜೊತೆಯವರಿಗೆ ಕಮಾಂಡ್ ಟೈಪ್ ಮಾಡೋದು ಅಂದ್ರೆ ಭಯ. ಬ್ರೌಸರಿನಲ್ಲಿ ಆ ಕಂಪ್ಯೂಟರಿನ ಐಪಿ ಹಾಕಿ ಪೋರ್ಟ್ 631 ಕೊಟ್ಟರೆ ಸಂಪರ್ಕವೇ ಸಿಗುತ್ತಿಲ್ಲ. ಏನು ಮಾಡಲಿ?

ಉತ್ತರ 1:
ಸಿಗದಿರುವುದು ಸರಿಯಾಗೇ ಇದೆ. ಲಿನಕ್ಸ್‌ನಲ್ಲಿ ಪ್ರಿಂಟ್ ಕೆಲಸ ನೋಡಿಕೊಳ್ಳುವ, ಪೋರ್ಟ್ 631ರಲ್ಲಿ ಕೂತಿರುವ ಸಾಫ್ಟ್‌ವೇರ್ ಕಪ್ಸ್. ಅದು ಸಾಮಾನ್ಯವಾಗಿ ತನ್ನ ಕಂಪ್ಯೂಟರಿನ ಒಳಗಿನಿಂದ, ಅಂದರೆ ಲೋಕಲ್‌ಹೋಸ್ಟ್‌ನಿಂದ ಬಂದ ಮಾತನ್ನು ಮಾತ್ರ ಕೇಳುತ್ತದೆ. ರಿಮೋಟ್ ಅಡ್ಮಿನ್ ಆನ್ ಮಾಡಿದರೆ ಹೊರಗಿನಿಂದಲೂ ತೆರೆಯುತ್ತದೆ, ಆದರೆ ದಯವಿಟ್ಟು ಆ ದಾರಿಗೆ ಮೊದಲೇ ಹೋಗಬೇಡಿ. ಹೇಗೂ ಎಸ್‌ಎಸ್‌ಎಚ್ ಇದೆ ಅಲ್ವಾ, ಅದರಲ್ಲೇ ಒಂದು ಸುರಂಗ ತೋಡಿ, ಅಂದರೆ ನಿಮ್ಮ ಕಂಪ್ಯೂಟರಿನ ಒಂದು ಪೋರ್ಟಿಗೆ ಬಂದದ್ದು ಎಸ್‌ಎಸ್‌ಎಚ್ ಒಳಗಿಂದಲೇ ಆ ಕಂಪ್ಯೂಟರಿನ 631ಕ್ಕೆ ಹೋಗುವಂತೆ ಮಾಡಿ.

ಜೊತೆಯವರು ವಿಂಡೋಸ್‌ನಲ್ಲಿದ್ದರೆ ಪುಟ್ಟಿ ಅನ್ನುವ ಎಸ್‌ಎಸ್‌ಎಚ್ ಪ್ರೋಗ್ರಾಂ ಸಾಕು. ಟನಲ್ಸ್ ಪುಟದಲ್ಲಿ ಸೋರ್ಸ್ ಪೋರ್ಟ್ 6310, ಡೆಸ್ಟಿನೇಶನ್ ಲೋಕಲ್‌ಹೋಸ್ಟ್:631 ಅಂತ ಹಾಕಿ ಆಡ್ ಒತ್ತಿ, ಆಮೇಲೆ ಹಿಂದಿನ ಪುಟಕ್ಕೆ ಬಂದು ಸೆಷನ್ ಸೇವ್ ಮಾಡಿ. ಆ ಆಡ್ ಒತ್ತೋದನ್ನು ಮರೆತು ಅರ್ಧ ದಿನ ಕಳೆದವರನ್ನು ನಾನು ಜಾಸ್ತಿ ನೋಡಿದ್ದೇನೆ. ಇಷ್ಟಾದ ಮೇಲೆ ಅವರು ಸೆಷನ್ ತೆರೆದು ಲಾಗಿನ್ ಆಗಿ ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್:6310 ಹಾಕಿದರೆ ಕಪ್ಸ್ ಪುಟ ಬರುತ್ತದೆ. ಜಾಬ್ಸ್ ಒತ್ತಿದರೆ ಪ್ರತಿ ಕೆಲಸದ ಪಕ್ಕ ತಡೆಹಿಡಿ, ರದ್ದು ಮಾಡು, ಬೇರೆ ಪ್ರಿಂಟರಿಗೆ ಕಳಿಸು ಅನ್ನುವ ಬಟನ್‌ಗಳಿರುತ್ತವೆ. ಬೇರೆಯವರ ಕೆಲಸ ರದ್ದು ಮಾಡುವವರ ಖಾತೆಯನ್ನು ಮಾತ್ರ ಆ ಲಿನಕ್ಸ್ ಕಂಪ್ಯೂಟರಿನಲ್ಲಿ ಪ್ರಿಂಟರ್ ನಿರ್ವಹಿಸುವವರ ಎಲ್‌ಪಿಅಡ್ಮಿನ್ ಗುಂಪಿಗೆ ಸೇರಿಸಿ. ಡೆಬಿಯನ್, ಉಬುಂಟುಗಳಲ್ಲಿ ಆ ಗುಂಪಿಗೆ ಇದೇ ಹೆಸರು.

ಉತ್ತರ 2:
ಲಿನಕ್ಸ್ ಡೆಸ್ಕ್‌ಟಾಪ್ ಇದ್ದವರಿಗೆ ಸಿಸ್ಟಮ್-ಕಾನ್ಫಿಗ್-ಪ್ರಿಂಟರ್ ಅನ್ನುವ ಪ್ರಿಂಟರ್ ಸೆಟ್ಟಿಂಗ್ ಪ್ರೋಗ್ರಾಂ ಇನ್ನೂ ಸುಲಭ. ಸರ್ವರ್ ಮೆನುವಿನಲ್ಲಿ ಕನೆಕ್ಟ್ ಒತ್ತಿ, ಸುರಂಗ ತೆರೆದಿದ್ದರೆ ಅದೇ ಲೋಕಲ್‌ಹೋಸ್ಟ್:6310 ಕೊಡಿ. ದೂರದ ಪ್ರಿಂಟರುಗಳು ಅಲ್ಲೇ ಚಿತ್ರವಾಗಿ ಕಾಣುತ್ತವೆ. ಬಲ ಕ್ಲಿಕ್ ಮಾಡಿದರೆ ಸಾಲು ತೆರೆಯುತ್ತದೆ.

ಇನ್ನೊಂದು ವಿಷಯ. ಜಾಬ್ ರದ್ದು ಮಾಡಿದ ಮೇಲೂ ಒಂದೆರಡು ಪುಟ ಬಂದರೆ ಗಾಬರಿ ಬೇಡ, ಅಷ್ಟು ಆಗಲೇ ಪ್ರಿಂಟರಿನ ಮೆಮೊರಿಗೆ ಹೋಗಿರುತ್ತದೆ. ಮತ್ತೆ ಮತ್ತೆ ರದ್ದು ಒತ್ತಬೇಡಿ. ಕಾಯುತ್ತಿರುವ ಜಾಬ್‌ಗಳ ಫೈಲ್ ಇರುವ ಸ್ಪೂಲ್ ಫೋಲ್ಡರಿನಿಂದ ಕೈಯಾರೆ ಫೈಲ್ ಅಳಿಸೋದಂತೂ ಬೇಡವೇ ಬೇಡ.

ಪ್ರಶ್ನೆ ಕೇಳಿದವರು:
ಸುರಂಗ ಕೆಲಸ ಮಾಡಿತು, ತುಂಬಾ ಥ್ಯಾಂಕ್ಸ್! ಆದರೆ ಜಾಬ್ ಪಟ್ಟಿಯಲ್ಲಿ ಹೆಸರಿನ ಜಾಗದಲ್ಲಿ ಎಲ್ಲಕ್ಕೂ ಅನ್‌ನೋನ್ (ಗೊತ್ತಿಲ್ಲ), ಬಳಕೆದಾರರ ಜಾಗದಲ್ಲಿ ವಿತ್‌ಹೆಲ್ಡ್ (ತಡೆಹಿಡಿದಿದೆ) ಅಂತಿದೆ. ಯಾವುದು ಯಾರದು ಅಂತ ಹೇಗೆ ತಿಳಿಯೋದು?

ಉತ್ತರ 1:
ಅದು ಕಪ್ಸ್ ಬೇಕಂತಲೇ ಮುಚ್ಚಿಡೋದು. ಕಪ್ಸ್‌ನ ಸೆಟ್ಟಿಂಗ್ ಇರುವ ಕಪ್ಸ್‌ಡಿ.ಕಾನ್ಫ್ ಫೈಲಿನ ಡಿಫಾಲ್ಟ್ ಪಾಲಿಸಿಯಲ್ಲಿ ಜಾಬ್‌ಪ್ರೈವೇಟ್‌ವ್ಯಾಲ್ಯೂಸ್ (ಮುಚ್ಚಿಡಬೇಕಾದ ವಿವರಗಳು) ಅನ್ನೋದಕ್ಕೆ none (ಯಾವುದೂ ಇಲ್ಲ) ಅಂತ ಕೊಟ್ಟು ಕಪ್ಸ್ ಸೇವೆಯನ್ನು ಮತ್ತೆ ಶುರು ಮಾಡಿದರೆ ಎಲ್ಲ ಕಾಣುತ್ತದೆ. ಆದರೆ ಒಮ್ಮೆ ಯೋಚಿಸಿ: ಯಾರೋ ರಾಜೀನಾಮೆ ಪತ್ರ ಪ್ರಿಂಟ್ ಕೊಟ್ಟರೆ ಅದರ ಫೈಲ್ ಹೆಸರು ಆ ಪುಟ ತೆರೆದ ಎಲ್ಲರಿಗೂ ಕಾಣುತ್ತದೆ. ನಾನಾದರೆ ಹಾಗೇ ಬಿಡುತ್ತೇನೆ. ಜಾಬ್ ನಂಬರ್, ಗಾತ್ರ, ಸಮಯ ಹೇಗೂ ಕಾಣುತ್ತವೆ. ಆ 300 ಪುಟದ್ದನ್ನು ಗಾತ್ರ ನೋಡಿಯೇ ಹಿಡಿಯಬಹುದು.

ಉತ್ತರ 2:
ರದ್ದು ಮಾಡಿದ ಮೇಲೂ ಸಾಲು ಹಂದಾಡದಿದ್ದರೆ ಪ್ರಿಂಟರ್ಸ್ ಪುಟ ನೋಡಿ, ಪಾಸ್ಡ್ (Paused, ಅಂದರೆ ನಿಲ್ಲಿಸಿದೆ) ಅಂತ ಇರಬಹುದು. ಒಂದು ಜಾಬ್ ಕೆಟ್ಟರೆ ಇಡೀ ಪ್ರಿಂಟರನ್ನೇ ನಿಲ್ಲಿಸುವ ಎರರ್ ಪಾಲಿಸಿ ಇದ್ದರೆ ಹಾಗಾಗುತ್ತದೆ. ರಿಸ್ಯೂಮ್ ಒತ್ತಿ, ಆಮೇಲೆ ಆ ಪಾಲಿಸಿಯನ್ನು ರಿಟ್ರೈ-ಜಾಬ್‌ಗೆ (ಕೆಟ್ಟ ಜಾಬನ್ನು ಆಮೇಲೆ ಮತ್ತೆ ಪ್ರಯತ್ನಿಸುವುದು) ಬದಲಿಸಿ.

ಪ್ರಶ್ನೆ ಕೇಳಿದವರು:
ಹೌದು, ಪಾಸ್ಡ್ ಅಂತಲೇ ಇತ್ತು! ರಿಸ್ಯೂಮ್ ಒತ್ತಿದ ತಕ್ಷಣ ಕೆಳಗಿನಿಂದ ಪ್ರಿಂಟರಿನ ಸದ್ದು ಕೇಳಿಸಿತು. ಹೆಸರುಗಳನ್ನು ಮುಚ್ಚಿಯೇ ಇಟ್ಟಿದ್ದೇನೆ. ನಾಳೆ ಇಬ್ಬರಿಗೆ ಪುಟ್ಟಿ ಹಾಕಿಕೊಟ್ಟು, ಪಕ್ಕದಲ್ಲಿ ಕೂತು ಒಂದು ಜಾಬ್ ರದ್ದು ಮಾಡಿಸಿ ನೋಡ್ತೀನಿ.